ಚಾಲಿ ಒಣಗುವ ದಿನಗಳ ಸಂಜೆ

ನಮ್ಮ ಕರಾವಳಿಯ ಚಳಿಗಾಲವೆಂದರೆ ಘಟ್ಟದ ಮೇಲಿನ ನೆಂಟರು ನಗುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಜನವರಿಯ ಬೆಳಗಿನ ಜಾವಕ್ಕೂ ಉಷ್ಣಾಂಶ ಸಾಮಾನ್ಯವಾಗಿ ೨೦ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೂ ತೋಟದ ಬದಿಯ ಮನೆಗಳಲ್ಲಿ, ಇಬ್ಬನಿ ಬೀಳುವ ರಾತ್ರಿ ಹೊದೆಯಲು ಏನಾದರೊಂದು ಬೇಕೇ ಬೇಕು.

ಕೊನೆಕೊಯ್ಲಿನ ಈ ದಿನಗಳಲ್ಲಿ ಬೆಳೆಗಾರನಿಗೆ ಬಿಡುವೆಲ್ಲಿ ಎಂದು ಸದಸ್ಯ ಬಾಂಧವರು ಕೇಳಬಹುದು. ಕೊನೆಗೌಡ ಸಿಕ್ಕಿದ ದಿನವೇ ಸುದಿನ ಎಂಬ ಪರಿಸ್ಥಿತಿ ಇದೆ, ನಿಜ. ಆದರೆ ಹಸಿ ಅಡಿಕೆ ಸುಲಿದು ಬೇಯಿಸುವ ಕೆಂಪಡಿಕೆಯವರು ಕೊಯ್ದದ್ದನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅವರ ಮನೆಗಳಲ್ಲಿ ಸುಲಿಯುವ ಕೆಲಸ ರಾತ್ರಿಗೂ ಎಳೆಯುತ್ತದೆ. ನಮ್ಮದು ಹೆಚ್ಚಾಗಿ ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿದರೆ ಮುಂದೆ ೪೦-೪೫ ದಿನ ಬಿಸಿಲೇ ಕೆಲಸ ಮಾಡುತ್ತದೆ. ಹಗಲು ಆಗಾಗ ಕೈಯಾಡಿಸಬೇಕು, ಮೋಡ ಕಟ್ಟಿದರೆ ಮುಚ್ಚಬೇಕು. ದೀಪ ಹಚ್ಚಿದ ಮೇಲಿನ ಎರಡು ತಾಸು ನಮ್ಮದೇ. ಆ ಎರಡು ತಾಸನ್ನು ಟೀವಿ, ಮೊಬೈಲುಗಳಿಗೆ ಪೂರ್ತಿ ಬಿಟ್ಟುಕೊಡುವ ಮೊದಲು ಮನೆಯ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರೆಂದು ನಮ್ಮ ವಿನಂತಿ.

ಕೌದಿ ಎನ್ನಿ, ಗೋದಡಿ ಎನ್ನಿ, ವಸ್ತು ಒಂದೇ. ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಹತ್ತಿರ ಹತ್ತಿರ ಸಾಲುಹೊಲಿಗೆ ಹಾಕುವುದು. ಹತ್ತಿ ಬೆವರು ಹೀರುತ್ತದೆ. ಪದರಗಳ ನಡುವೆ ನಿಂತ ಗಾಳಿ ಬೆಚ್ಚಗಿಡುತ್ತದೆ. ಪಾಲಿಯೆಸ್ಟರ್ ಸೀರೆಯಿಂದ ಈ ಕೆಲಸ ಆಗದು, ಜಾರುತ್ತದೆ. ತೊಡಕಿರುವುದು ಇಲ್ಲಿಯೇ. ದಿನವೂ ಹತ್ತಿ ಸೀರೆ ಉಟ್ಟ ತಲೆಮಾರು ಮುಗಿಯುತ್ತ ಬಂದಿದೆ. ಅವರು ಹೋದ ಮೇಲೆ ಸೀರೆಗಳು ಪಾತ್ರೆ ಮಾರುವವನ ಗಂಟು ಸೇರಿ, ಬದಲಿಗೆ ಒಂದು ಸ್ಟೀಲ್ ಪಾತ್ರೆ ಮನೆಗೆ ಬರುತ್ತದೆ. ಪಾತ್ರೆಯಾದರೆ ಪೇಟೆಯಲ್ಲಿ ಯಾವತ್ತೂ ಸಿಕ್ಕೀತು.

ಈ ವಿದ್ಯೆಯಲ್ಲಿ ನಮ್ಮ ಜಿಲ್ಲೆಗೆ ಗುರುಗಳೆಂದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ. ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ಹೂ ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಈ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ನಾವು ಮಾತ್ರ ಪೇಟೆಯ ರಗ್ಗು ಹೊದ್ದು ಬೆವರುತ್ತಿದ್ದೇವೆ.

ನಮ್ಮ ಆಯಿಯ ಆರು ಸೀರೆಗಳು ನಾಲ್ಕು ವರ್ಷ ಪೆಟ್ಟಿಗೆಯಲ್ಲಿದ್ದವು. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಅವುಗಳಿಂದ ಒಂದು ಕೌದಿ ಬೇಕೆಂದ. ಹೊಲಿಯಬಲ್ಲವರು ಮನೆಯಲ್ಲಿ ಉಳಿದಿರುವುದು ಚಿಕ್ಕಮ್ಮ ಒಬ್ಬರೇ, ೭೮ರವರು. ಕಣ್ಣಿಗೆ ಪೊರೆ ಬಂದಿದೆ. ಮಗಳು ಐದು ಸೂಜಿಗೆ ಒಟ್ಟಿಗೇ ದಾರ ಪೋಣಿಸಿಡುತ್ತಾಳೆ. ಚಿಕ್ಕಮ್ಮ ಸಾಲನ್ನು ಬೆರಳಿನಿಂದ ನೋಡುತ್ತಾರೆ. ಮಗಳೂ ಈಗ ಒಂದು ಬದಿ ಹಿಡಿದಿದ್ದಾಳೆ. “ಉದ್ದ ಹೊಲಿಗೆ ಹಾಕಡ ಕೂಸೇ, ಕಾಲ್ಬೆರಳು ಸಿಕ್ಕಿ ಹರೀತು” ಎಂಬ ಪಾಠ ದಿನವೂ ನಡೆದಿದೆ. ಇಂಥ ಮಾತು ಯಾವ ಪುಸ್ತಕದಲ್ಲೂ ಸಿಕ್ಕಲಿಕ್ಕಿಲ್ಲ.

ಹೊಲಿಯುವವರ ಕೈ ತುಂಬಿದ್ದರೂ ಕಿವಿ ಖಾಲಿ. ಹಿಂದೆ ಇಂಥ ಹೊತ್ತಿಗೆ ಜೈಮಿನಿ ಭಾರತ ಓದಿಸಿ ಕೇಳುತ್ತಿದ್ದರು. ನಾವು ಯಶವಂತ ಚಿತ್ತಾಲರ ಕತೆಗಳನ್ನು ಹಿಡಿದಿದ್ದೇವೆ. ಅವರು ೧೯೨೮ರಲ್ಲಿ ಹುಟ್ಟಿದ್ದು ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ, ಬಾಳಿದ್ದು ಮುಂಬಯಿಯಲ್ಲಿ. ಅಲ್ಲಿ ಕುಳಿತು ಬರೆದರೂ ಹನೇಹಳ್ಳಿ ಅವರನ್ನು ಬಿಡಲಿಲ್ಲ. ‘ಕತೆಯಾದಳು ಹುಡುಗಿ’ಗೆ ೧೯೮೩ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರಿಚಿತ ಊರಿನ ಹೆಸರು ಬಂದೊಡನೆ ಚಿಕ್ಕಮ್ಮ ಓದು ನಿಲ್ಲಿಸಿ, “ಅದು ಯಾರ ಮನೆ?” ಎನ್ನುತ್ತಾರೆ. ಅಲ್ಲಿಂದ ಚಿತ್ತಾಲರ ಕತೆ ಬದಿಗಾಗಿ ಚಿಕ್ಕಮ್ಮನ ಕತೆ ಶುರು. ಒಂದು ಕತೆಗೆ ನಾಲ್ಕು ಸಂಜೆ ಹಿಡಿದದ್ದುಂಟು.

ತಿನ್ನುವ ಮಾತನ್ನು ಬಿಟ್ಟರೆ ಮನೆಯವರು ಒಪ್ಪುವುದಿಲ್ಲ. ನಡುವೆ ಒಮ್ಮೆ ಜೀರಿಗೆ-ಕೊತ್ತಂಬರಿ ಕಷಾಯ ಆಗುತ್ತದೆ. ಆಲೆಮನೆ ಶುರುವಾದರೆ ತೊಡದೇವು. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ಬೀಸಿ, ಕವುಚಿಟ್ಟ ಮಡಕೆಯ ಕೆಳಗೆ ಬೆಂಕಿ ಮಾಡಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಬೆನ್ನ ಮೇಲೆ ಒಮ್ಮೆ ಎಳೆಯುವುದು. ತುಪ್ಪ ಸವರಿ, ಬಿಸಿಯಿರುವಾಗಲೇ ಮಡಿಸಬೇಕು, ತಡೆದರೆ ಮುರಿಯುತ್ತದೆ. ಈ ಎಳೆತವೂ ಬರೆದು ಕಲಿಸುವಂಥದ್ದಲ್ಲ, ಪಕ್ಕದಲ್ಲಿ ಕುಳಿತು ಹತ್ತಿಪ್ಪತ್ತು ಹಾಳು ಮಾಡಲೇಬೇಕು. ಹಾಳಾದದ್ದನ್ನು ತಿನ್ನಲು ಮಕ್ಕಳು ಕಾದಿರುತ್ತಾರೆ.

ಕೌದಿ ಈಗ ಮೂರನೆಯ ಸುತ್ತಿನಲ್ಲಿದೆ. ನಡುವಿಗೆಂದು ಆಯಿಯ ಹಸಿರು ಸೀರೆಯ ಸೆರಗನ್ನು ಚಿಕ್ಕಮ್ಮ ಬೇರೆ ಎತ್ತಿಟ್ಟಿದ್ದಾರೆ. ಅದಕ್ಕೆ ಕತ್ತರಿ ಹಾಕಲು ಇನ್ನೂ ಯಾರಿಗೂ ಕೊಟ್ಟಿಲ್ಲ.