ಡಕೋಟಾ ವಿಮಾನದ ವೇಷಾಂತರಗಳು

ಕೆಮ್ಮುತ್ತ, ನರಳುತ್ತ ಬರುವ ಹಳೆಯ ಬಸ್ಸನ್ನು ಕಂಡರೆ ನಾವು 'ಡಕೋಟಾ ಗಾಡಿ' ಎಂದು ನಗುತ್ತೇವೆ. ಅದೇ ಹೆಸರಿನ ವಿಮಾನದ ಚರಿತ್ರೆಯನ್ನು ಕೇಳಿದ ಮೇಲೆ ನೀವು ಅಷ್ಟು ಸುಲಭವಾಗಿ ನಗಲಾರಿರಿ. ಆ ಚರಿತ್ರೆಯಲ್ಲಿ ಬೆಂಗಳೂರಿನ ಪಾಲೂ ಉಂಟು.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ವೈಟ್‌ಫೀಲ್ಡಿನಿಂದ ಆಚೆಗಿರುವ ಊರು. ಅಲ್ಲಿಂದ ಪಶ್ಚಿಮಕ್ಕೆ ಬಂದರೆ ಹಿಂದೂಸ್ಥಾನ್ ವಿಮಾನ ಕಾರ್ಖಾನೆ. ಕಾರ್ಖಾನೆಯ ರನ್‌ವೇ ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ. ಆದ್ದರಿಂದ ಈ ಪೂರ್ವ ದಿಕ್ಕಿನ ಆಕಾಶವೇ ಅಲ್ಲಿಗೆ ಬಂದುಹೋಗುವ ವಿಮಾನಗಳ ಹೆಬ್ಬಾಗಿಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದುರಸ್ತಿಗೆಂದು ಇಲ್ಲಿಗೆ ಬರುತ್ತಿದ್ದ ವಿಮಾನಗಳಲ್ಲಿ ಡಕೋಟಾ ಒಂದು.

ಡಕೋಟಾ ಯುದ್ಧಕ್ಕಾಗಿ ಹುಟ್ಟಿದ್ದಲ್ಲ. 1935ರ ಡಿಸೆಂಬರ್ 17ರಂದು ಕ್ಯಾಲಿಫೋರ್ನಿಯದಲ್ಲಿ ಮೊದಲ ಸಲ ಹಾರಿದಾಗ ಅದು ಡಗ್ಲಾಸ್ ಕಂಪೆನಿಯ ಡಿಸಿ-3. ರಾತ್ರಿ ಪ್ರಯಾಣಿಕರು ಹಾಯಾಗಿ ನಿದ್ರಿಸಲೆಂದು 14 ಹಾಸಿಗೆಗಳಿಗೆ ಸ್ಥಳಮಾಡಿ ರೂಪಿಸಿದ ವಿಮಾನ ಅದು! ಹಗಲು ಪ್ರಯಾಣಕ್ಕಾದರೆ 21 ಆಸನ. 1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ವಿಮಾನ ಕಂಪೆನಿಗಳ ಬಳಿ ಇದ್ದ ಎಷ್ಟೋ ಡಿಸಿ-3ಗಳನ್ನು ಸೈನ್ಯ ವಶಕ್ಕೆ ತೆಗೆದುಕೊಂಡಿತು. ಅದೇ ತಿಂಗಳ 23ರಂದು ಸೈನ್ಯಕ್ಕೆಂದೇ ಮಾರ್ಪಡಿಸಿದ ಸಿ-47 ಹಾರಿತು. 'ಡಕೋಟಾ' ಎಂಬುದು ಬ್ರಿಟಿಷ್ ವಾಯುಪಡೆ ಅದಕ್ಕಿಟ್ಟ ಹೆಸರು.

ಮಾರ್ಪಾಟೆಂದರೆ ಏನು? ನಿಮ್ಮ ನಡುಮನೆಯ ಕುರ್ಚಿ, ಪರದೆ, ಜಮಖಾನೆಗಳನ್ನೆಲ್ಲ ಹೊರಗೆ ಹಾಕಿ ಅದನ್ನು ಉಗ್ರಾಣ ಮಾಡಿದಂತೆ ಎಂದು ಊಹಿಸಿಕೊಳ್ಳಿ. ಮೆತ್ತನೆಯ ಆಸನಗಳು ಹೋದವು. ಎರಡು ಗೋಡೆಗಳ ಉದ್ದಕ್ಕೂ ಮಡಿಸುವ ಬೆಂಚುಗಳು ಬಂದವು, 28 ಮಂದಿ ಸಿಪಾಯಿಗಳಿಗೆ. ಭಾರ ತಡೆಯುವಂತೆ ನೆಲವನ್ನು ಬಲಪಡಿಸಿದರು. ಹಿಂಭಾಗದ ಎಡಮಗ್ಗುಲಲ್ಲಿ ಜೀಪು ಕೂಡ ಒಳಗೆ ಹೋಗುವಷ್ಟು ಅಗಲವಾದ ಎರಡು ರೆಕ್ಕೆಯ ಬಾಗಿಲನ್ನು ಕೂರಿಸಿದರು. ಬದಲಾಗದೆ ಉಳಿದ ತೊಂದರೆಯೂ ಒಂದಿತ್ತು. ಮೂರನೆಯ ಪುಟ್ಟ ಚಕ್ರ ಬಾಲದಡಿಯಲ್ಲಿದ್ದುದರಿಂದ ನೆಲದ ಮೇಲೆ ನಿಂತಾಗ ವಿಮಾನದ ಮೂತಿ ಮೇಲಕ್ಕೆ, ಒಳಗಿನ ನೆಲ ಇಳಿಜಾರು. ಸಾಮಾನು ತುಂಬುವವರು ಪ್ರತಿ ಪೆಟ್ಟಿಗೆಯನ್ನೂ ದಿಣ್ಣೆ ಹತ್ತಿಸಿದಂತೆ ತಳ್ಳಬೇಕಾಗುತ್ತಿತ್ತು.

ಬೆಂಗಳೂರಿನ ಕಾರ್ಖಾನೆಯನ್ನು 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ಸ್ಥಾಪಿಸಿದ್ದರು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೈನ್ಯದ ಕೈಗೆ ಹೋಗಿ, ಅದೊಂದು ದೊಡ್ಡ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಂತೂ ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ಇಂದು ಆ ಕೆರೆಯನ್ನು ನೋಡಿದವರು ಇದನ್ನು ನಂಬುವುದು ಕಷ್ಟ.

ಯುದ್ಧ ಮುಗಿಯಿತು. ಸೈನ್ಯಕ್ಕೆ ಬೇಡವಾದ ಡಕೋಟಾಗಳು ಮಾರಾಟಕ್ಕೆ ಬಂದವು. ಆಗ ಬೆಂಗಳೂರಿನ ಕೆಲಸಗಾರರಿಗೆ ಉಲ್ಟಾ ಕೆಲಸ: ಸೈನ್ಯದ ವಿಮಾನವನ್ನು ಮತ್ತೆ ಪ್ರಯಾಣಿಕರ ವಿಮಾನ ಮಾಡುವುದು. ಬೆಂಚು ಕಿತ್ತು ಆಸನ ಹಾಕುವುದೇನೋ ಸುಲಭ; ಎಂಜಿನನ್ನೂ ಮೈಯನ್ನೂ ಬಿಚ್ಚಿ ಪರೀಕ್ಷಿಸಿ, ಸಂಸಾರಸ್ಥರು ಮಕ್ಕಳೊಂದಿಗೆ ಹತ್ತಬಹುದು ಎನ್ನುವ ಮಟ್ಟಕ್ಕೆ ತರುವುದರಲ್ಲಿದೆ ಕಷ್ಟ. 1946ರಲ್ಲಿ ಡೆಕ್ಕನ್ ಏರ್‌ವೇಸಿನ ಡಕೋಟಾಗಳು ಇದೇ ನಿಲ್ದಾಣದಿಂದ ಹೈದರಾಬಾದಿಗೆ ಜನರನ್ನು ಒಯ್ಯತೊಡಗಿದವು.

ಆದರೆ ಈ ವೇಷ ಹೆಚ್ಚು ಕಾಲ ಉಳಿಯಲಿಲ್ಲ. 1947ರ ಅಕ್ಟೋಬರಿನಲ್ಲಿ ದಾಳಿಗಾರರು ಶ್ರೀನಗರವನ್ನು ಸಮೀಪಿಸುತ್ತಿದ್ದರು. 26ರಂದು ಮಹಾರಾಜ ಹರಿಸಿಂಗರು ವಿಲೀನಪತ್ರಕ್ಕೆ ಸಹಿ ಹಾಕಿದರು. ರಸ್ತೆಯಲ್ಲಿ ಹೋದರೆ ಕಾಲ ಮಿಂಚಿತು. ವಾಯುಪಡೆಯ ಬಳಿ ಇದ್ದ ಡಕೋಟಾಗಳು ಸಾಲವು. ಆಗ ಸರ್ಕಾರ ಖಾಸಗಿ ಕಂಪೆನಿಗಳ ವಿಮಾನಗಳನ್ನೂ ಅವುಗಳ ಚಾಲಕರನ್ನೂ ಕರೆಯಿತು. ಒಳಗಿನ ಆಸನಗಳನ್ನು ದೆಹಲಿಯಲ್ಲಿ ಮತ್ತೆ ಕಿತ್ತುಹಾಕಿದ್ದಾಯಿತು. 27ರ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ರಂಜಿತ್ ರಾಯ್ ಅವರ ಸಿಖ್ ಪಡೆ ಹೊರಟಿತು. ಕೆಳಗಿನ ನಿಲ್ದಾಣ ಯಾರ ಕೈಯಲ್ಲಿದೆಯೋ ಯಾರಿಗೂ ಖಚಿತವಿರಲಿಲ್ಲ; ಸಂಶಯ ಕಂಡರೆ ಇಳಿಯಕೂಡದೆಂದು ಅಪ್ಪಣೆಯಾಗಿತ್ತು. ವಿಮಾನಗಳು ಮೇಲೆ ಸುತ್ತಿ ನೋಡಿ, ಇಳಿದವು. ರಾಯ್ ಅವರು ಬಾರಾಮುಲ್ಲದ ಕಡೆಯ ಕಾಳಗದಲ್ಲಿ ಮಡಿದರು. ವಿಮಾನಗಳು ಮಾತ್ರ ದಿನದಿನವೂ ಹೋಗಿಬಂದು, ಶ್ರೀನಗರ ಉಳಿಯಿತು. ಸಮವಸ್ತ್ರವಿಲ್ಲದ ಆ ಚಾಲಕರ ಹೆಸರುಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲವೆಂಬುದು ನನ್ನ ಕೊರಗು.

ಮರುವರ್ಷ ಮೇ 24ರಂದು ವಾಯುಪಡೆಯ ಡಕೋಟಾವೊಂದು 11,000 ಅಡಿಗೂ ಎತ್ತರದ ಲೇಹ್‌ನಲ್ಲಿ ಇಳಿಯಿತು. ನಡೆಸಿದವರು ಮೆಹರ್ ಸಿಂಗ್. ಪಕ್ಕದಲ್ಲಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಒಳಗಿನ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡೇ ಇಲ್ಲದ ವಿಮಾನದಲ್ಲಿ ಹಿಮಾಲಯ ದಾಟಿದ್ದು!

1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹುಟ್ಟಿದಾಗ ಅದರ ಪಾಲಿಗೆ ಬಂದ ಡಕೋಟಾಗಳು 74. ವಾಯುಪಡೆ ತನ್ನವನ್ನು 1988ರವರೆಗೆ ಹಾರಿಸಿತು. ಬಳಿಕ ಡಕೋಟಾ ಚಾಲಕರಾಗಿದ್ದ ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್ ಅವರ ಹೆಸರಿನಲ್ಲಿ ಅವರ ಮಗ ಒಂದು ಹಳೆಯ ಡಕೋಟಾವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕಾಣಿಕೆಯಿತ್ತರು. 2018ರ ಮೇ ತಿಂಗಳಲ್ಲಿ ಅದು ವಾಯುಪಡೆಗೆ ಸೇರಿತು. ಹೆಸರು 'ಪರಶುರಾಮ'. ಬಾಲದ ಮೇಲೆ ಬರೆದ ಸಂಖ್ಯೆ ವಿಪಿ 905, 1947ರಲ್ಲಿ ಶ್ರೀನಗರಕ್ಕೆ ಸಿಪಾಯಿಗಳನ್ನು ಒಯ್ದ ವಿಮಾನದ್ದು.