ಹಳೆಯ ಕ್ಷೌರದ ಕತ್ತಿಗೆ ಹೊಸ ಹಿಡಿ

ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿಗಳು ನಮ್ಮ ಸದಸ್ಯರ ಮನೆಗಳ ಅಟ್ಟಗಳಲ್ಲಿ, ಮರದ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಹಿಡಿ ಮುರಿಯಿತೆಂಬ ಒಂದೇ ಕಾರಣಕ್ಕೆ ಅವು ತೂಕಕ್ಕೆ ಗುಜರಿ ಸೇರುವುದನ್ನು ಕಾರ್ಕಳ, ಕಾಪು ಕಡೆ ನಾವು ನೋಡುತ್ತಿದ್ದೇವೆ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ಕಟ್ಟಿ ನಿಲ್ಲಿಸಿದರು. ಅದರ ಮುಂದೆ ಒಂದು ಕತ್ತಿಯ ಹಿಡಿ ಬದಲಿಸುವುದು ಎಷ್ಟರ ಕೆಲಸ!

ಇಂಥ ಅಲಗುಗಳಲ್ಲಿ ಹಲವು ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಜೋಲಿಂಗನ್ ಊರಿನವು. ಅಲಗಿನ ಬುಡದಲ್ಲಿ ಊರಿನ ಹೆಸರು ಒತ್ತಿರುತ್ತದೆ. ಮಾತಿಗೆ ಮಾತು ಬಂದದ್ದರಿಂದ ಹೇಳುತ್ತೇವೆ: ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದು ಕರೆದರು, ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದ ಬಂದುದೆಂದು ಹೇಳುತ್ತಾರೆ. ಅದರಂಥ ಉಕ್ಕನ್ನು ತಯಾರಿಸಲು ಹೊರಟ ಲಂಡನ್ನಿನ ಸ್ಟೋಡಾರ್ಟ್ ಮತ್ತು ವಿಜ್ಞಾನಿ ಫ್ಯಾರಡೆ 1820ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಹಾಗೆ ಸಿದ್ಧವಾದ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟರು.

ಅಲಗು ಕೆಡುವುದಕ್ಕೆ ಕರಾವಳಿಯ ಉಪ್ಪುಗಾಳಿಯೊಂದೇ ಕಾರಣವಲ್ಲ, ಹಿಡಿಯೂ ಕಾರಣ. ಹಳೆಯ ಹಿಡಿಗಳಲ್ಲಿ ಅನೇಕವು ಸೆಲ್ಯುಲಾಯ್ಡಿನವು. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದರಲ್ಲಿ ಕರ್ಪೂರವೇ ಇದೆ. ಈ ವಸ್ತು ಹಳತಾಗಿ ಕೊಳೆಯತೊಡಗಿದಾಗ ಆಮ್ಲದ ಹಬೆ ಬಿಡುತ್ತದೆ. ಮಡಚಿಟ್ಟ ಅಲಗು ಅದರಲ್ಲೇ ತುಕ್ಕು ಹಿಡಿಯುತ್ತದೆ. ಬಿರುಕುಬಿಟ್ಟು ಜಿಗುಟಾದ ಹಿಡಿಯನ್ನು ಕೂಡಲೇ ತೆಗೆಯಬೇಕು. ಅದು ಭಗ್ಗನೆ ಹತ್ತಿಕೊಳ್ಳುವ ವಸ್ತು, ಒಲೆಯ ಬಳಿ ಇಡಕೂಡದು.

ಮೊದಲು ಅಲಗಿನ ಬಾಯಿಗೆ ದಪ್ಪ ಟೇಪು ಸುತ್ತಬೇಕು. ಮೊಳೆಯ ತಲೆಯನ್ನು ಅರದಿಂದ ಸವೆಸಿ, ಸಣ್ಣ ಉಳಿಮೊಳೆಯಿಂದ ಆಚೆ ತಟ್ಟಿದರೆ ಹಿಡಿಯ ಎರಡು ಪಟ್ಟಿಗಳೂ ಬೇರೆಯಾಗುತ್ತವೆ. ತುಕ್ಕನ್ನು ಸೀಮೆಎಣ್ಣೆ ಮತ್ತು ನುಣುಪಾದ ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಬೇಕು. ತಿರುಗುವ ಸಾಣೆಚಕ್ರಕ್ಕೆ ಖಂಡಿತ ಕೊಡಬಾರದು. ಅಲಗು ಬಿಸಿಯಾಗಿ ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು, ಮತ್ತೆ ಬಾರದು. ಬಾಯಿಯಲ್ಲಿ ಸೀಳು ಕಂಡರೆ ಅಂಥ ಕತ್ತಿ ನೋಡಲು ಮಾತ್ರ, ಮುಖಕ್ಕಲ್ಲ.

ಹೊಸ ಹಿಡಿಗೆ ಮರ ನಮ್ಮಲ್ಲೇ ಇದೆ. ಘಟ್ಟದ ಮೇಲಿನ ಸದಸ್ಯರು ಕಿತ್ತು ಸೌದೆಗೆ ಹಾಕುವ ಮುದಿ ಕಾಫಿ ಗಿಡದ ಕಾಂಡ ಗಟ್ಟಿ, ನುಣುಪು. ಆದರೆ ಹಸಿಯದು ಸೀಳುತ್ತದೆ. ಉದ್ದಕ್ಕೆ ಹೋಳು ಮಾಡಿ ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿಸಬೇಕು. ಅಡಿಕೆ ಮರದಲ್ಲಿ ಹೊರಸುತ್ತು ಮಾತ್ರ ಗಟ್ಟಿ, ಅದೂ ಸಿಬಿರು ಏಳುವಂಥದ್ದು. ಅದಕ್ಕಿಂತ ಬೈನೆಯ ಕಪ್ಪು ನಾರಿನ ಮರ ಮೇಲು. ದಂತ, ಜಿಂಕೆಕೊಂಬುಗಳ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಅವುಗಳ ವ್ಯಾಪಾರವನ್ನು ನಿಷೇಧಿಸಿವೆ.

ಸುಮಾರು 3 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಒಟ್ಟಿಗೆ ಬಿಗಿದು ಹಳೆಯ ಹಿಡಿಯ ಅಳತೆಗೇ ಉಜ್ಜಿ, ತೂತು ಕೊರೆಯಬೇಕು. ತುದಿಯಲ್ಲಿ ಪಟ್ಟಿಗಳ ನಡುವೆ ಒಂದು ಬೆಣೆ ಇರಬೇಕು. ಅದು ಸೊಟ್ಟಗಿದ್ದರೆ ಮಡಚುವಾಗ ಅಲಗು ಒಂದು ಬದಿಗೆ ತಾಗಿ ಬಾಯಿ ಕೆಡುತ್ತದೆ. ಮರಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ನಾಲ್ಕೈದು ಸಲ ಹಚ್ಚಿ ಒಣಗಿಸಬೇಕು. ತೆಂಗಿನೆಣ್ಣೆ ಒಣಗುವುದಿಲ್ಲ, ಆದ್ದರಿಂದ ಬೇಡ. ಕೊನೆಗೆ 1.6 ಮಿ.ಮೀ. ಹಿತ್ತಾಳೆ ತಂತಿಯ ಮೊಳೆಗೆ ಎರಡೂ ಕಡೆ ವಾಷರ್ ಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಅವಸರಪಟ್ಟರೆ ಪಟ್ಟಿ ಸೀಳುತ್ತದೆ.

ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು, ಬಾಯಿ ಮುಂದಾಗಿ ಚಲಿಸಬೇಕು. ಚರ್ಮದ ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದೆ.

ಒಂದು ಕತ್ತಿ ಒಬ್ಬರಿಗೇ ಮೀಸಲು. ರಕ್ತದಿಂದ ಹರಡುವ ಕಾಮಾಲೆ, ಎಚ್.ಐ.ವಿ. ತಿಳಿದಿರುವ ಈ ಕಾಲದಲ್ಲಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಸಲ್ಲದು. ಬಳಸಿದ ಮೇಲೆ ಒರೆಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿಡಬೇಕು. ಚರ್ಮದ ಚೀಲ ತೇವ ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕತ್ತಿಯನ್ನು ಬಿಡಿಸಿ ನೋಡುವುದು ಒಳ್ಳೆಯದು.