ಮನೆಯಲ್ಲಿ ಸಾಕಿದ ಕೋಳಿಗಳನ್ನು ಮಾಂಸಕ್ಕಾಗಿ ಕೊಯ್ಯುವ ವಿಚಾರ

ಕೋಳಿಸಾಕಣೆಯನ್ನು ಕುರಿತು ಹೇಳುವಾಗ ತಳಿ, ಮೇವು, ಗೂಡು, ರೋಗ ಇವುಗಳ ವಿಷಯವನ್ನು ವಿಸ್ತಾರವಾಗಿ ಹೇಳುವುದುಂಟು. ಸಾಕಿದ ಕೋಳಿಯನ್ನು ಕೊಯ್ಯುವ ಮಾತು ಬಂದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಂಥ ಮಳೆ ಕಡಿಮೆಯಾದ ಸೀಮೆಯಲ್ಲಿ, ಬೆಳೆ ಕೈಕೊಟ್ಟ ವರ್ಷ ಹಿತ್ತಲಿನ ಕೋಳಿಯೂ ಸಂಸಾರಕ್ಕೆ ಒಂದು ಆಧಾರವೇ ಸರಿ. ಕಣದ ಕಾಳನ್ನು ಹೆಕ್ಕಿ, ತೋಟದ ಹುಳುಗಳನ್ನು ಕೆದಕಿ, ಮಕ್ಕಳ ಕೈಯಿಂದ ರಾಗಿಯನ್ನು ತಿಂದು ಬೆಳೆದ ಹಕ್ಕಿಯ ಕುತ್ತಿಗೆಗೆ ಕತ್ತಿ ಹಿಡಿಯಲು ಮನಸ್ಸು ಹಿಂಜರಿಯುವುದು ಸಹಜ. ಈ ಹಿಂಜರಿಕೆಯು ದೋಷವಲ್ಲ. ಅದರ ದೆಸೆಯಿಂದ ಹಕ್ಕಿಗೆ ಹೆಚ್ಚಿನ ಹಿಂಸೆಯಾಗುವಂತೆ ನಡೆದುಕೊಳ್ಳುವುದೇ ದೋಷವು.

ಕೊಯ್ಯಬೇಕಾಗುವುದೇಕೆ?

ಕಾವು ಕುಳಿತ ಹೇಂಟೆಯು 21 ದಿನಗಳಲ್ಲಿ ಮರಿ ಮಾಡುತ್ತದೆ. 10 ಮರಿಗಳಾದರೆ ಅವುಗಳಲ್ಲಿ ಹೆಚ್ಚು ಕಡಿಮೆ 5 ಹುಂಜಗಳಾಗಿರುವುವು. 8 ಅಥವಾ 10 ಹೇಂಟೆಗಳ ಹಿಂಡಿಗೆ 1 ಹುಂಜವು ಸಾಕು. ಉಳಿದವುಗಳನ್ನು ಹಾಗೆಯೇ ಬಿಟ್ಟರೆ ಅವು ಒಂದರೊಡನೊಂದು ಕಾದಾಡಿ ಗಾಯಗೊಳ್ಳುವುವಲ್ಲದೆ, ಹೇಂಟೆಗಳನ್ನು ಅಟ್ಟಿ ಅವುಗಳ ಬೆನ್ನಿನ ಗರಿಗಳು ಉದುರುವಂತೆ ಮಾಡುವುವು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧವಾಗಿ 1989ರಲ್ಲಿ ಬಿಡುಗಡೆಯಾದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ಮೊದಲಾದ ತಳಿಗಳ ಹುಂಜಗಳು ನಾಟಿಯವುಗಳಿಗಿಂತ ಬೇಗ ಬೆಳೆದು ತೂಗುತ್ತವೆ; ಮೇವನ್ನೂ ಹೆಚ್ಚಾಗಿ ತಿನ್ನುತ್ತವೆ. ಆದಕಾರಣ ಮೊಟ್ಟೆಗಾಗಿಯೇ ಕೋಳಿಯನ್ನು ಸಾಕುವ ಮನೆಯಲ್ಲಿಯೂ ಕೊಯ್ಯುವ ಪ್ರಶ್ನೆಯು ಬಂದೇ ಬರುತ್ತದೆ. ಅದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಜಾಣತನ.

ಮನೆಯವರ ಮನಸ್ಸು

ಹಳ್ಳಿಗಳಲ್ಲಿ ಕೋಳಿಗಳು ಬಹುಮಟ್ಟಿಗೆ ಮನೆಯ ಹೆಂಗಸರ ಆರೈಕೆಯಲ್ಲಿರುತ್ತವೆ. ಮೊಟ್ಟೆಯಿಂದ ಬರುವ ನಾಲ್ಕು ಕಾಸು ಅವರ ಸ್ವಂತ ಗಳಿಕೆ. ನೆಂಟರು ಬಂದ ದಿನ ಯಜಮಾನನು ಯಾರನ್ನೂ ಕೇಳದೆ ಕೈಗೆ ಸಿಕ್ಕಿದ ಹೇಂಟೆಯನ್ನು ಹಿಡಿಸಿದರೆ, ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹಕ್ಕಿಯೂ ಹೋಗುವುದು, ಸಾಕಿದವಳ ಉತ್ಸಾಹವೂ ಹೋಗುವುದು. ಯುಗಾದಿಯ ಮರುದಿನದ ವರ್ಷತೊಡಕು, ಊರಹಬ್ಬ ಮೊದಲಾದ ಸಂದರ್ಭಗಳಲ್ಲಿ ಇಂತಹ ನಷ್ಟವು ವಿಶೇಷ. ಇದನ್ನು ತಪ್ಪಿಸಲು, ಮರಿಗಳು ಹುಂಜವೋ ಹೇಂಟೆಯೋ ಎಂದು ಗುರುತು ಸಿಕ್ಕುವ ವೇಳೆಗೆ, ಉಳಿಸಿಕೊಳ್ಳತಕ್ಕವು ಯಾವುವು, ಕೊಯ್ಯತಕ್ಕವು ಯಾವುವು ಎಂಬುದನ್ನು ಸಾಕುವವರೇ ನಿಶ್ಚಯಿಸಿ, ಉಳಿಸಿಕೊಳ್ಳುವವುಗಳ ಕಾಲಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಬಹುದು. ಕಾಲು ದಪ್ಪವಾದಂತೆ ದಾರವನ್ನು ಬದಲಿಸತಕ್ಕದ್ದು.

ಮಕ್ಕಳು ಕೋಳಿಗೆ ಹೆಸರಿಟ್ಟು ಆಡಿಸುವುದುಂಟು. ಹೆಸರಿಡುವುದಾದರೆ ದಾರ ಕಟ್ಟಿದ ಹಕ್ಕಿಗಳಿಗೆ ಇಡಲೆಂದು ಹೇಳಿಕೊಟ್ಟರೆ ಮುಂದಿನ ದುಃಖವು ಬಹಳಮಟ್ಟಿಗೆ ಕಡಿಮೆಯಾಗುವುದು. ಕೊಯ್ದ ಮೇಲೆ "ನರಿ ಹಿಡಿಯಿತು" ಎಂದು ಮಗುವಿಗೆ ಸುಳ್ಳು ಹೇಳಬಾರದು. ಸುಳ್ಳು ಒಂದು ದಿನ ತಿಳಿದೇ ತಿಳಿಯುತ್ತದೆ. ಅಳುವ ಮಗುವನ್ನು ಹಾಸ್ಯಮಾಡುವುದಾಗಲಿ, ನೋಡೆಂದು ನಿಲ್ಲಿಸುವುದಾಗಲಿ, ತಿನ್ನೆಂದು ಬಲವಂತಪಡಿಸುವುದಾಗಲಿ ಕೂಡದು. ದೊಡ್ಡವರಲ್ಲಿಯೂ ಕೈನಡುಗುವವರಿದ್ದರೆ ಅವರು ಕತ್ತಿ ಹಿಡಿಯದಿರುವುದೇ ಲೇಸು. ನಡುಗುವ ಕೈಯ ಅರೆಗಾಯಕ್ಕಿಂತ ಕ್ರೂರವಾದದ್ದು ಬೇರೊಂದಿಲ್ಲ. ಕೈಪಳಗಿದ ನೆರೆಯವನೊಬ್ಬನನ್ನು ಮನೆಗೇ ಕರೆಸಿ ಮಾಡಿಸುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಬಹುಕಾಲ ಮೊಟ್ಟೆಯಿಟ್ಟು ಮುದಿಯಾದ ಹೇಂಟೆಯನ್ನು ಕೊಯ್ಯಲು ಮನಸ್ಸೊಪ್ಪದಿದ್ದರೆ, ಅದರ ಮೇವಿನ ಖರ್ಚನ್ನು ಅರಿತು, ಕಾವು ಕೂರಿಸುವುದಕ್ಕೆಂದು ಉಳಿಸಿಕೊಳ್ಳಬಹುದು.

ಕಣ್ಮರೆಯಾದ ಹಿಂಸೆ

ತಾವು ಕೊಯ್ಯಲಾರದವರು ಸಾಮಾನ್ಯವಾಗಿ ಕೋಳಿಯನ್ನು ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಹಕ್ಕಿಯು ಕಾಲು ಕಟ್ಟಿಸಿಕೊಂಡು, ತಲೆಕೆಳಗಾಗಿ ವಾಹನಕ್ಕೆ ನೇತುಬಿದ್ದು, ನೀರಿಲ್ಲದೆ ಬಿಸಿಲಿನಲ್ಲಿ ಸಂತೆಯನ್ನು ಸೇರಿ, ಸಂಜೆಯ ವೇಳೆಗೆ ಹೇಗಿದ್ದರೂ ಕತ್ತಿಯ ಬಾಯಿಗೆ ಹೋಗುವುದು. ಮನೆಯಲ್ಲಿ ಕ್ಷಣಮಾತ್ರದಲ್ಲಿ ಮುಗಿಯಬಹುದಾಗಿದ್ದ ಸಂಕಟವು ಇಡೀ ದಿನದ ಸಂಕಟವಾಯಿತು. ಒಡೆಯನ ಕಣ್ಣಿಗೆ ಬೀಳಲಿಲ್ಲವೆಂಬುದಿಷ್ಟೇ ವ್ಯತ್ಯಾಸ. ಪ್ರಾಣಿಗಳಿಗೆ ಅನಾವಶ್ಯಕ ನೋವಾಗುವಂತೆ ಸಾಗಿಸುವುದು 1960ನೆಯ ಇಸವಿಯ ಪ್ರಾಣಿಹಿಂಸೆ ತಡೆ ಕಾಯಿದೆಯ ಮೇರೆಗೆ ಅಪರಾಧವೂ ಆಗಿದೆ. ಮಾರಲೇಬೇಕಾದರೆ ಗಾಳಿಯಾಡುವ ಮಂಕರಿಯಲ್ಲಿ, ಇಕ್ಕಟ್ಟಾಗದಂತೆ, ತಂಪು ಹೊತ್ತಿನಲ್ಲಿ ಸಾಗಿಸತಕ್ಕದ್ದು.

ಕೊಯ್ಯುವ ಕ್ರಮ

ಹಿಂದಿನ ರಾತ್ರಿ ಮೇವನ್ನು ನಿಲ್ಲಿಸಿ, ನೀರನ್ನು ಮಾತ್ರ ಕೊಡಬೇಕು. ಸುಮಾರು 8ರಿಂದ 12 ಗಂಟೆಗಳ ಕಾಲ ಹೀಗಿದ್ದರೆ ಕರುಳು ಬರಿದಾಗಿ ಮಾಂಸಕ್ಕೆ ಹೊಲಸು ತಾಕುವುದಿಲ್ಲ. ಬೆಳಗಿನ ಜಾವ ಕತ್ತಲಿರುವಾಗಲೇ ಗೂಡಿನಿಂದ ಮೆಲ್ಲನೆ ಎತ್ತಿಕೊಂಡರೆ ಹಕ್ಕಿಯು ಬೆದರುವುದಿಲ್ಲ. ಹಗಲಿನಲ್ಲಿ ಅಂಗಳದ ತುಂಬ ಅಟ್ಟಿಸಿ ಹಿಡಿಯುವ ಪದ್ಧತಿಯನ್ನು ಬಿಡಬೇಕು. ಇತರ ಕೋಳಿಗಳ ಎದುರಿನಲ್ಲಿ ಕೊಯ್ಯಬಾರದು.

ತಗಡನ್ನು ಆಲಿಕೆಯಂತೆ ಸುತ್ತಿ, ಅಂಚುಗಳನ್ನು ಮಡಿಸಿ, ಕಂಬಕ್ಕೆ ಬಡಿದು, ಹಕ್ಕಿಯನ್ನು ಅದರೊಳಗೆ ತಲೆಕೆಳಗಾಗಿ ಇಳಿಸಿದ ಕೂಡಲೇ ಕೆಲಸವನ್ನು ಮುಗಿಸತಕ್ಕದ್ದು. ಹೀಗೆ ಮಾಡಿದರೆ ರೆಕ್ಕೆ ಬಡಿಯದೆ, ಮೂಳೆ ಮುರಿಯದೆ ಹಕ್ಕಿಯು ಸ್ಥಿರವಾಗಿರುವುದು. ಆಲಿಕೆಯಿಲ್ಲದಿದ್ದರೆ ಗೋಣಿಯ ತುಂಡಿನಲ್ಲಿ ಸುತ್ತಿ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಕತ್ತಿಯನ್ನು ಮೊದಲೇ ಮಸೆದಿಟ್ಟುಕೊಂಡು, ದವಡೆಯ ಕೆಳಗೆ ಕುತ್ತಿಗೆಯ ಎರಡು ಪಕ್ಕದ ರಕ್ತನಾಳಗಳೂ ತುಂಡಾಗುವಂತೆ ಒಂದೇ ಎಳೆತಕ್ಕೆ ಕೊಯ್ಯಬೇಕು. ಮಿದುಳಿಗೆ ರಕ್ತವು ನಿಂತು ಬೇಗನೆ ಪ್ರಜ್ಞೆ ತಪ್ಪುವುದು. ಆಮೇಲೂ ಕಾಣುವ ಒದರಾಟವು ನರಗಳ ತಾನಾದ ಚಲನೆಯೇ ಹೊರತು ನೋವಿನ ಗುರುತಲ್ಲ. ಈ ಸಂಗತಿಯನ್ನು ತಿಳಿದವರಿಗೆ ಅರ್ಧ ಭಯವು ಹೋಗುತ್ತದೆ. ಸುಮಾರು 2 ನಿಮಿಷ ರಕ್ತವು ಪೂರ್ತಿ ಇಳಿದು, ಅಲುಗಾಟವು ನಿಂತ ಹೊರತು ನೀರಿಗೆ ಅದ್ದಕೂಡದು.

ಕುದಿದ ನೀರಿಗೆ ಹೆಚ್ಚು ಕಡಿಮೆ ಅಷ್ಟೇ ತಣ್ಣೀರನ್ನು ಬೆರೆಸಿ, ಹಕ್ಕಿಯನ್ನು ಒಂದು ನಿಮಿಷ ಅದ್ದಿ ತೆಗೆದರೆ ಗರಿಗಳು ಸುಲಭವಾಗಿ ಕಿತ್ತುಬರುತ್ತವೆ. ಕುದಿಯುವ ನೀರಿನಲ್ಲಿ ಅದ್ದಿದರೆ ಚರ್ಮವು ಹರಿಯುವುದು. ಉಳಿದ ನವಿರಾದ ತುಪ್ಪಳವನ್ನು ಉರಿಯ ಮೇಲೆ ಸುಟ್ಟು, ಅರಿಶಿನ ಹಚ್ಚಿ ತೊಳೆಯುವ ರೂಢಿಯು ಒಳ್ಳೆಯದೇ. ಹೊಟ್ಟೆಯನ್ನು ಸೀಳುವಾಗ ಈಲಿಗೆ ಅಂಟಿದ ಹಸಿರು ಪಿತ್ತದ ಚೀಲವು ಒಡೆಯದಂತೆ ಎಚ್ಚರವಹಿಸಬೇಕು. ಒಡೆದರೆ ಮಾಂಸವು ಕಹಿಯಾಗುವುದು. ಮುದಿ ಹಕ್ಕಿಯ ಮಾಂಸವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಮೆತ್ತಗಾಗುವುದು.

ಎಚ್ಚರಿಕೆಯ ಮಾತುಗಳು

ತೂಕಡಿಸುವ, ಹಸಿರಾಗಿ ಭೇದಿಯಾಗುವ, ಕತ್ತು ತಿರುಚಿದ ಹಕ್ಕಿಯನ್ನು "ಸಾಯುವುದಕ್ಕೆ ಮುಂಚೆ ಕೊಯ್ದುಬಿಡೋಣ" ಎಂದು ಕೊಯ್ಯಬಾರದು. ಕೊಕ್ಕರೆ ರೋಗವು ಹೀಗೆಯೇ ಊರೂರಿಗೆ ಹರಡುವುದು; ಹಕ್ಕಿಜ್ವರವಾದರೆ ಕೊಯ್ದವರಿಗೂ ಅಪಾಯವುಂಟು. ಕೋಳಿಗಳು ಒಟ್ಟೊಟ್ಟಾಗಿ ಸತ್ತರೆ ಮುಟ್ಟದೆ ಪಶುವೈದ್ಯಶಾಲೆಗೆ ತಿಳಿಸಬೇಕು. ಔಷಧಿಯನ್ನು ಕೊಟ್ಟ ಕೋಳಿಯನ್ನು ಎಷ್ಟು ದಿನ ಕೊಯ್ಯಬಾರದೆಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ರಕ್ತ, ಕರುಳು, ಗರಿಗಳನ್ನು ಬೀದಿಗೆ ಎಸೆಯದೆ, ಬಾವಿಗೆ ದೂರವಾಗಿ ಆಳವಾದ ಗುಂಡಿಯಲ್ಲಿ ಮಣ್ಣು ಮುಚ್ಚಿದರೆ ನಾಯಿಗಳ ಕಾಟವಿಲ್ಲದೆ ಭೂಮಿಗೂ ಸಾರವಾಗುವುದು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಊರಿನ ಹಿರಿಯರು ಮತ್ತು ಜಮೀನುದಾರರು ಮನಸ್ಸು ಮಾಡಿದರೆ ಈ ಸುಧಾರಣೆಗೆ ಹಣವೇನೂ ಬೇಕಿಲ್ಲ. ಪ್ರತಿ ಗ್ರಾಮದಲ್ಲಿಯೂ ಕೈಪಳಗಿದ ಒಬ್ಬಿಬ್ಬರನ್ನು ಗುರುತಿಸಿ ಈ ಕ್ರಮವನ್ನು ತಿಳಿಸಿಕೊಡಬಹುದು. ದೇವಸ್ಥಾನದಲ್ಲಾಗಲಿ ಅದರ ಆವರಣದಲ್ಲಾಗಲಿ ಪ್ರಾಣಿಪಕ್ಷಿಗಳನ್ನು ಬಲಿಕೊಡುವುದು 1959ನೆಯ ಇಸವಿಯ ಪ್ರಾಣಿಬಲಿ ನಿಷೇಧ ಕಾಯಿದೆಗೆ ವಿರುದ್ಧವೆಂಬುದನ್ನು ಜಾತ್ರೆಗೆ ಮುಂಚೆಯೇ ಜನರಿಗೆ ತಿಳಿಯಪಡಿಸಬೇಕು. ಕೋಳಿಯನ್ನು ಮುಟ್ಟದವರನ್ನು ಬಲವಂತಪಡಿಸುವುದೂ ಸಲ್ಲದು. ಈ ಸೀಮೆಯ ಮ್ಯಾಸನಾಯಕರಲ್ಲಿ ಸಂಪ್ರದಾಯಸ್ಥರು ಹಟ್ಟಿಯೊಳಕ್ಕೆ ಕೋಳಿಯನ್ನೇ ತರುವುದಿಲ್ಲ. ಅಂತಹ ನಡವಳಿಕೆಯನ್ನು ಗೌರವಿಸುವುದು ಊರಿನ ಸೌಹಾರ್ದಕ್ಕೆ ಅವಶ್ಯ.

ಸಾಕಿದವನಿಗೆ ತನ್ನ ಹಕ್ಕಿಯ ಮೇಲೆ ಮಮತೆಯಿರಲಿ. ಆ ಮಮತೆಯು ಮೇವು ನೀರಿನಲ್ಲಿ ಕಾಣುವಂತೆಯೇ, ಮಸೆದ ಕತ್ತಿಯಲ್ಲಿಯೂ ಅವಸರವಿಲ್ಲದ ಕೈಯಲ್ಲಿಯೂ ಕಾಣತಕ್ಕದ್ದು.